ದಾಯವೂ ವಾರಸೂ: ದೋಆಬಿನ ನಾಡಿನಲ್ಲಿ ಮತಭೇದ ಮತ್ತು ಆಸ್ತಿಯ ಹಕ್ಕು

ಕೃಷ್ಣಾ ತುಂಗಭದ್ರೆಗಳ ನಡುವಣ ನೆಲವನ್ನು ಇತಿಹಾಸಕಾರರು ರಾಯಚೂರು ದೋಆಬ್ ಎಂದು ಕರೆಯುವರು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿ, ನಿಜಾಮ ಸರಕಾರದ ಒಂದು ಜಿಲ್ಲೆಗೆ ಕೇಂದ್ರವಾಗಿದ್ದು 1905ರಲ್ಲಿ ಆ ಪದವಿಯನ್ನು ಕಳೆದುಕೊಂಡ ಲಿಂಗಸುಗೂರು, ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಭತ್ತದ ಕಣಜವೆನಿಸಿದ ಸಿಂಧನೂರು, ಇವು ಆ ನೆಲದ ಮೂರು ಊರುಗಳು. ಇಲ್ಲಿಯ ಜನರ ಬಾಯಲ್ಲಿ ಆಸ್ತಿಯ ಮಾತು ಬಂದಾಗ ಎರಡು ಬಗೆಯ ಶಬ್ದಗಳು ಒಟ್ಟಿಗೆ ಹೊರಡುತ್ತವೆ. ಜಗಳವಾಡುವವನು ದಾಯಾದಿ; ಕಾಗದದಲ್ಲಿ ಹೆಸರು ಬರುವವನು ವಾರಸುದಾರ. ಮೊದಲನೆಯದು ಸಂಸ್ಕೃತದ 'ದಾಯ'ದಿಂದ ಬಂದುದು, ಎರಡನೆಯದು ಅರಬ್ಬಿಯ 'ವಾರಿಸ್' ಎಂಬ ಪದಕ್ಕೆ ಪಾರಸಿಯ ಬಾಲ ಸೇರಿ ಆದುದು. ಇನಾಮು, ದಸ್ತಾವೇಜು, ತಕರಾರು ಎಂಬ ಮಾತುಗಳಂತೂ ಈಗ ಅಚ್ಚಗನ್ನಡದ ಮನೆಗಳಲ್ಲಿಯೂ ಮನೆಮಾತುಗಳೇ ಆಗಿವೆ. ಶಬ್ದಗಳು ಇಷ್ಟು ಸಲೀಸಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಬಂದವು. ಆಸ್ತಿಯೂ ಹಾಗೆ ಒಂದು ಮತದವರಿಂದ ಇನ್ನೊಂದು ಮತದವರಿಗೆ ಬರಬಲ್ಲುದಾಗಿತ್ತೆ? ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಇಸ್ಲಾಮನ್ನು ಸ್ವೀಕರಿಸಿದರೆ ತಂದೆಯ ಹೊಲದಲ್ಲಿ ಅವನಿಗೇನು, ಅವನ ಗಳಿಕೆಯಲ್ಲಿ ತಾಯಿಗೇನು? ಇದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಸ್ಲಾಮೀ ಧರ್ಮಶಾಸ್ತ್ರದ ನಿಲುವು ಸಂಕ್ಷೇಪವಾಗಿ ಇಷ್ಟು: ಮುಸಲ್ಮಾನನು ಅನ್ಯಮತೀಯನ ವಾರಸುದಾರನಾಗಲಾರ, ಅನ್ಯಮತೀಯನು ಮುಸಲ್ಮಾನನ ವಾರಸುದಾರನಾಗಲಾರ. ಉಸಾಮಾ ಬಿನ್ ಜೈದರ ಮೂಲಕ ಬಂದ, ಬುಖಾರಿ ಮತ್ತು ಮುಸ್ಲಿಂ ಎಂಬ ಎರಡು ಪ್ರಮಾಣಸಂಗ್ರಹಗಳಲ್ಲಿಯೂ ಇರುವ ಹದೀಸು ಇದಕ್ಕೆ ಆಧಾರ. ಇದರ ಹಿನ್ನೆಲೆಯನ್ನು ನೋಡಿದ ಹೊರತು ನಿಯಮದ ಸ್ವರೂಪ ತಿಳಿಯುವುದಿಲ್ಲ. ಪೈಗಂಬರರನ್ನು ಸಾಕಿ ಸಲಹಿದ ಚಿಕ್ಕಪ್ಪ ಅಬೂತಾಲಿಬರು ಮೆಕ್ಕೆಯಲ್ಲಿ ತೀರಿಕೊಂಡಾಗ ಅವರ ಮಕ್ಕಳಲ್ಲಿ ಅಲೀ ಮತ್ತು ಜಾಫರ್ ಇಸ್ಲಾಮಿಗೆ ಸೇರಿದ್ದರು, ಅಕೀಲ್ ಮತ್ತು ತಾಲಿಬ್ ಇನ್ನೂ ಸೇರಿರಲಿಲ್ಲ. ಮನೆಮಾರು ಅಕೀಲ್ ಮತ್ತು ತಾಲಿಬರ ಪಾಲಾಯಿತು. ಅಲೀ, ಜಾಫರರಿಗೆ ಏನೂ ಬರಲಿಲ್ಲ. ಅಂದರೆ ನಂಬಿಕೆಯಿಂದ ಕುಟುಂಬ ಸೀಳಿದಾಗ ಆಸ್ತಿಯನ್ನು ಕಳೆದುಕೊಂಡವರು ಇಲ್ಲಿ ಮುಸಲ್ಮಾನರೇ. ಈ ನಿಯಮವು ಗೆದ್ದವರು ಸೋತವರ ಮೇಲೆ ಹೇರಿದ ದಂಡವಾಗಿ ಹುಟ್ಟಿದುದಲ್ಲವೆಂಬುದನ್ನು ಗಮನಿಸಬೇಕು.

ಇನ್ನೊಂದು ಸಂಗತಿಯೂ ಇದೆ. ಮೆಕ್ಕೆಯಿಂದ ವಲಸೆ ಬಂದವರಿಗೂ ಅವರನ್ನು ಬರಮಾಡಿಕೊಂಡ ಮದೀನೆಯವರಿಗೂ ಪೈಗಂಬರರು ಸೋದರತ್ವದ ಸಂಬಂಧವನ್ನು ಕಟ್ಟಿದರು. ಮೊದಲಲ್ಲಿ ಈ ಧರ್ಮಸೋದರರು ಒಬ್ಬರ ಆಸ್ತಿಗೆ ಇನ್ನೊಬ್ಬರು ವಾರಸುದಾರರೂ ಆಗಿದ್ದರು. ಮುಂದೆ ರಕ್ತಸಂಬಂಧಿಗಳೇ ಹತ್ತಿರದವರೆಂದು ಕುರಾನು ವಿಧಿಸಿದ ಮೇಲೆ ಆ ಪದ್ಧತಿ ನಿಂತಿತು. ಹೀಗೆ ವಾರಸುಹಕ್ಕು ನಂಬಿಕೆಯಿಂದ ರಕ್ತಕ್ಕೆ ಮರಳಿತು, ಆದರೆ ಪೂರ್ತಿಯಾಗಿ ಮರಳಲಿಲ್ಲ. ರಕ್ತವಿದ್ದರೂ ನಂಬಿಕೆ ಬೇರೆಯಾದರೆ ಹಕ್ಕಿಲ್ಲವೆಂಬ ಬೇಲಿ ಉಳಿಯಿತು. ಉತ್ತರಾಧಿಕಾರಕ್ಕೆ ಯಾವುದು ಮೂಲ, ರಕ್ತವೋ ನಂಬಿಕೆಯೋ ಎಂಬ ಪ್ರಶ್ನೆಯೇ ಈ ವಿಷಯದ ಗರ್ಭದಲ್ಲಿರುವುದು.

ಶಾಸ್ತ್ರಕಾರರಲ್ಲಿ ಭಿನ್ನಾಭಿಪ್ರಾಯಗಳು ಇಲ್ಲದಿರಲಿಲ್ಲ. ಪೈಗಂಬರರ ಸಂಗಡಿಗರಲ್ಲಿ ಮುಆಜ್ ಬಿನ್ ಜಬಲರು ಮುಸಲ್ಮಾನನು ಅನ್ಯಮತೀಯ ಬಂಧುವಿನ ಆಸ್ತಿಯನ್ನು ಪಡೆಯಬಹುದೆಂದು ತಿಳಿದಿದ್ದರು. ಸುನ್ನಿಗಳ ನಾಲ್ಕು ಪಂಥಗಳೂ ಇದನ್ನು ಒಪ್ಪಲಿಲ್ಲ; ಶಿಯಾ ಪಂಥದವರು ಒಪ್ಪಿದರು, ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ ಅನ್ಯಮತೀಯನು ಸತ್ತಾಗ ಅವನ ಬಂಧುಗಳಲ್ಲಿ ಒಬ್ಬ ಮುಸಲ್ಮಾನನಿದ್ದರೆ ಉಳಿದವರನ್ನು ಸರಿಸಿ ಅವನೇ ಎಲ್ಲವನ್ನೂ ಪಡೆಯುವನೆಂದರು. ಭಾರತದ ಹನಫೀ ನ್ಯಾಯಾಧಿಕಾರಿಗಳಿಗೆ ಕೈಪಿಡಿಯಾಗಿದ್ದ 'ಸಿರಾಜಿಯಾ' ಎಂಬ ಗ್ರಂಥವು (ವಿಲಿಯಂ ಜೋನ್ಸನು ಇದನ್ನು 1792ರಲ್ಲಿ ಇಂಗ್ಲೀಷಿಗೆ ತಿರುಗಿಸಿದನು) ವಾರಸಿಗೆ ನಾಲ್ಕು ಅಡ್ಡಿಗಳನ್ನು ಎಣಿಸುತ್ತದೆ: ದಾಸ್ಯ, ಕೊಲೆ, ಮತಭೇದ, ರಾಜ್ಯಭೇದ. ಹನಫೀ ದೃಷ್ಟಿಯಲ್ಲಿ ಮುಸಲ್ಮಾನರಲ್ಲದವರೆಲ್ಲ ಒಂದೇ ಸಮುದಾಯ. ಅಂದಮೇಲೆ ಕಾಜಿಯ ಕಣ್ಣಿಗೆ ಜೈನ, ವೀರಶೈವ, ಬ್ರಾಹ್ಮಣ ಎಂಬ ಭೇದ ಆಸ್ತಿಯ ವಿಷಯದಲ್ಲಿ ಲೆಕ್ಕಕ್ಕೆ ಬಾರದು. ನಮ್ಮ ಪಂಡಿತರು ಶತಮಾನಗಳ ಕಾಲ ವಾದ ಮಾಡಿದ ಭೇದಗಳನ್ನು ಅವನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟನಲ್ಲ ಎಂದು ನಗುವೂ ಬರುತ್ತದೆ.

ದೋಆಬಿಗೆ ಈ ಪಂಥಭೇದ ದೂರದ ಮಾತಲ್ಲ. ಮುದಗಲ್ಲು, ರಾಯಚೂರುಗಳಿಗಾಗಿ ವಿಜಯನಗರವೂ ಬಹಮನಿಯವರೂ, ತರುವಾಯ ಆದಿಲಶಾಹಿಗಳೂ ಕಾದಾಡಿ, 1565ರ ಯುದ್ಧವಾದ ಮೇಲೆ ಈ ನೆಲ ಬಿಜಾಪುರದ ಕೈಯಲ್ಲಿ ನಿಂತಿತು. ಬಿಜಾಪುರದ ದೊರೆಗಳಲ್ಲಿ ಮೊದಲನೆಯ ಇಬ್ರಾಹಿಮನು (1534–1558) ಸುನ್ನಿ, ಅವನ ಮಗ ಮೊದಲನೆಯ ಅಲೀ (1558–1580) ಶಿಯಾ, ಎರಡನೆಯ ಇಬ್ರಾಹಿಮನು ಮತ್ತೆ ಸುನ್ನಿ. ಗ್ರಂಥಗಳನ್ನೇ ಅನುಸರಿಸಿದ್ದರೆ ತಂದೆಯ ಆಳ್ವಿಕೆಯಲ್ಲಿ ಏನೂ ಸಿಗದ ಮತಾಂತರಿತನಿಗೆ ಮಗನ ಆಳ್ವಿಕೆಯಲ್ಲಿ ಸರ್ವಸ್ವವೂ ಸಿಗಬೇಕಾಗಿತ್ತು! ಆದರೆ ಹಳ್ಳಿಯ ಹೊಲಗಳು ಗ್ರಂಥಗಳನ್ನು ನೋಡಿ ನಡೆಯಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಇಷ್ಟನ್ನು ಓದಿದ ಭಕ್ತರು, ಈ ಬೇಲಿ ಹೊರಗಿನಿಂದ ಬಂದುದು, ನಮ್ಮಲ್ಲಿ ಇರಲಿಲ್ಲವೆಂದು ಭಾವಿಸಿದರೆ ಅದು ಸರಿಯಾಗದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ದಾಯಭಾಗಕ್ಕೆ ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥವೇ ಪ್ರಮಾಣವಾಯಿತು. ಅದರಲ್ಲಿ ದಾಯಕ್ಕೆ ಅನರ್ಹರಾದವರ ಪಟ್ಟಿಯೊಂದಿದೆ. ನಪುಂಸಕ, ಹುಚ್ಚ, ಕುರುಡ, ವಾಸಿಯಾಗದ ರೋಗವುಳ್ಳವನು, ಇವರೊಡನೆ ಪತಿತನೂ ಪತಿತನ ಮಗನೂ ಅಲ್ಲಿ ಕುಳಿತಿದ್ದಾರೆ. ಮತವನ್ನು ತೊರೆದವನು ಶಾಸ್ತ್ರದ ದೃಷ್ಟಿಯಲ್ಲಿ ಪತಿತನೇ. ಅವನಿಗೆ ಪಾಲಿಲ್ಲ. ಹೀಗೆ ಒಂದೇ ಗೋಡೆಯನ್ನು ಕಾಜಿಯು ಆ ಕಡೆಯಿಂದಲೂ ಶಾಸ್ತ್ರಿಯು ಈ ಕಡೆಯಿಂದಲೂ ಕಟ್ಟಿದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಕಟ್ಟಿದುದಲ್ಲ, ಆದರೂ ಕಲ್ಲುಗಳು ಸರಿಯಾಗಿ ಕೂಡಿಕೊಂಡವು.

ಅದೇ ಯಾಜ್ಞವಲ್ಕ್ಯನು ಯತಿ, ವಾನಪ್ರಸ್ಥ, ಬ್ರಹ್ಮಚಾರಿಗಳ ಸೊತ್ತಿಗೆ ರಕ್ತಬಂಧುಗಳನ್ನು ಬಿಟ್ಟು ಆಚಾರ್ಯ, ಸಚ್ಛಿಷ್ಯ, ಧರ್ಮಭ್ರಾತೃಗಳನ್ನು ಹಕ್ಕುದಾರರನ್ನಾಗಿ ಮಾಡಿರುವನು. ಧರ್ಮಸೋದರನೇ ವಾರಸುದಾರನೆಂಬ ಮದೀನೆಯ ಮೊದಲ ದಿನಗಳ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರೇ ಕಾಣಬಲ್ಲರು. ವಿರಕ್ತಮಠಗಳಲ್ಲಿ ಶಿಷ್ಯಪರಂಪರೆಯಿಂದ ಉತ್ತರಾಧಿಕಾರ ನಡೆದುಬಂದುದು ಈ ತತ್ತ್ವದ ಮೇಲೆಯೇ.

ಶರಣರ ವಿಚಾರವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಭವಿ ಮತ್ತು ಭಕ್ತ ಎಂಬ ವಿಂಗಡಣೆ ವಚನಗಳಲ್ಲಿ ಬಹು ತೀಕ್ಷ್ಣವಾದುದು. ಲಿಂಗದೀಕ್ಷೆ ಪಡೆದವನಿಗೆ ಹಿಂದಿನ ಕುಲವಿಲ್ಲ. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯಗಳನ್ನು ತಮ್ಮ ಬಂಧುಗಳೆಂದು ಸಾರಿಕೊಂಡರು. ಮೆಕ್ಕೆಯಲ್ಲಿ ನಡೆದಂತೆ ಕಲ್ಯಾಣದಲ್ಲಿಯೂ ನಂಬಿಕೆ ರಕ್ತವನ್ನು ಸೀಳಿತು. ಆದರೆ ಮದೀನೆಯಲ್ಲಿ ಒಂದು ರಾಜ್ಯ ಕಟ್ಟಲ್ಪಟ್ಟು ಆಸ್ತಿಗೆ ಕಾನೂನು ಬೇಕಾಯಿತು, ಕಲ್ಯಾಣದಲ್ಲಿ ಶರಣರು ಚೆದುರಿದರು. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದವರು ನಾಳೆಗೆ ಕೂಡಿಟ್ಟುದನ್ನು ಯಾರಿಗೆ ಹಂಚಬೇಕೆಂಬ ಸೂತ್ರವನ್ನು ಬರೆಯಲಿಲ್ಲ. ಮುಂದೆ ಅವರ ಅನುಯಾಯಿಗಳು ಹೊಲಗದ್ದೆಗಳ ಒಡೆಯರಾದಾಗ ಆಶ್ರಯಿಸಿದುದು ಅದೇ ಕಲ್ಯಾಣದ ವಿಜ್ಞಾನೇಶ್ವರನನ್ನು. ಬಸವಣ್ಣನವರ ಊರಿನಲ್ಲಿ ಅವರಿಗಿಂತ ಮೊದಲೇ ಬರೆದಿಟ್ಟ ಸ್ಮಾರ್ತ ಗ್ರಂಥವು ಅವರ ಭಕ್ತರ ಆಸ್ತಿಯನ್ನು ಎಂಟು ಶತಮಾನ ಆಳಿತೆಂಬುದು ಇತಿಹಾಸದ ಒಂದು ವಿಚಿತ್ರ.

ಈ ಎರಡು ಶಾಸ್ತ್ರಗಳ ನಡುವೆ ಸಿಕ್ಕ ಒಬ್ಬ ವ್ಯಕ್ತಿಯನ್ನು ನೋಡಬೇಕಾದರೆ ಲಿಂಗಸುಗೂರಿಗೆ ಹತ್ತಿರದ ಮುದಗಲ್ಲಿಗೆ ಹೋಗಬೇಕು. ಫೆರಿಷ್ತಾ ಹೇಳುವ ಕಥೆಯಂತೆ 1406ರ ಸುಮಾರಿಗೆ ಅಲ್ಲಿಯ ಅಕ್ಕಸಾಲಿಗನ ಮಗಳು ಪರ್ತಾಲಳನ್ನು ಬಯಸಿ ವಿಜಯನಗರದ ಮೊದಲನೆಯ ದೇವರಾಯನು ಸೈನ್ಯವನ್ನು ಕಳಿಸಿದನು. ಅದರಿಂದ ಹುಟ್ಟಿದ ಯುದ್ಧದಲ್ಲಿ ಫಿರೋಜಶಹನ ಕೈ ಮೇಲಾಯಿತು, ಕೊನೆಗೆ ಪರ್ತಾಲಳು ಬಹಮನಿ ರಾಜಕುಮಾರ ಹಸನಖಾನನ ಹೆಂಡತಿಯಾದಳು. ಕಥೆಯ ಐತಿಹಾಸಿಕತೆಯನ್ನು ಸಂಶಯಿಸುವವರುಂಟು. ಅದಿರಲಿ, ಆ ಹುಡುಗಿಯ ಹಕ್ಕೇನು? ಅವಳು ತವರಿನ ಧರ್ಮದಲ್ಲಿಯೇ ಉಳಿದಿದ್ದರೆ ಹನಫೀ ಶಾಸ್ತ್ರದ ಪ್ರಕಾರ ಆ ವಿವಾಹ ಕ್ರಮಬದ್ಧವಲ್ಲದ 'ಫಾಸಿದ್' ವಿವಾಹ. ಗಂಡನು ಸತ್ತರೆ ಅವಳಿಗೆ ಮೆಹರ್ ಇರಬಹುದೇ ಹೊರತು ವಾರಸಿಲ್ಲ. ಗಂಡನ ಧರ್ಮವನ್ನು ಸ್ವೀಕರಿಸಿದ್ದರೆ ಮಕ್ಕಳಿದ್ದಾಗ ಎಂಟನೆಯ ಒಂದು, ಮಕ್ಕಳಿಲ್ಲದಾಗ ನಾಲ್ಕನೆಯ ಒಂದು ಭಾಗ ಹೆಂಡತಿಗೆ ಸಲ್ಲುತ್ತಿತ್ತು. ಆದರೆ ಆಗ ಮುದಗಲ್ಲಿನ ಅಕ್ಕಸಾಲಿಗನ ಮನೆಯ ಬಾಗಿಲು ಮುಚ್ಚುತ್ತಿತ್ತು. ಫೆರಿಷ್ತಾ ಅವಳ ರೂಪವನ್ನು, ಸಂಗೀತವನ್ನು ವರ್ಣಿಸಿರುವನು. ಕಥೆ ಹೇಳುವವರಿಗೆ ಅಷ್ಟು ಸಾಕು.

ಹಳ್ಳಿಯ ವ್ಯವಹಾರ ಬೇರೆಯಾಗಿತ್ತೆಂದು ಹೇಳಿದೆನಷ್ಟೆ. ಮೊದಲನೆಯ ಇಬ್ರಾಹಿಮನು ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನೆಂದು ಫೆರಿಷ್ತಾ ಬರೆಯುತ್ತಾನೆ. ಗೌಡಿಕೆ, ಕುಲಕರ್ಣಿಕೆ, ದೇಸಗತಿಗಳಂಥ ವಂಶಪಾರಂಪರ್ಯ ವತನುಗಳ ವ್ಯಾಜ್ಯಗಳನ್ನು ದಖ್ಖನಿನಲ್ಲಿ ಕಾಜಿಯೊಬ್ಬನೇ ತೀರಿಸುತ್ತಿರಲಿಲ್ಲ. ಊರ ಗೌಡರು, ಬಲುತೆಯವರು, ಸರಕಾರದ ಅಧಿಕಾರಿಗಳು ಕೂಡಿದ ಸಭೆ ತೀರಿಸಿ ಮಹಜರು ಬರೆಯಿಸುತ್ತಿತ್ತು. ಅಲ್ಲಿ ಶಾಸ್ತ್ರಕ್ಕಿಂತ ಊರಿನ ವಾಡಿಕೆಗೆ ಬೆಲೆ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಪಾಟೀಲ, ದೇಸಾಯಿ ಎಂಬ ಅಡ್ಡಹೆಸರುಗಳು ಮುಸಲ್ಮಾನ ಮನೆತನಗಳಲ್ಲಿಯೂ ಉಳಿದುಬಂದಿವೆ. ಇವೆಲ್ಲವೂ ಮತಾಂತರದಿಂದಲೇ ಬಂದವೆಂದು ಹೇಳಲಾಗದು. ದೊರೆಗಳು ಹೊಸದಾಗಿ ಕೊಟ್ಟ ವತನುಗಳೂ ಇರಬಹುದು. ಆದರೂ ಮತ ಬದಲಾದೊಡನೆ ವತನು ಕಡ್ಡಾಯವಾಗಿ ಕೈಬಿಟ್ಟುಹೋಗುತ್ತಿತ್ತೆಂದು ನಂಬುವುದು ನನಗೆ ಕಷ್ಟವಾಗಿದೆ. 1686ರಲ್ಲಿ ಬಿಜಾಪುರ ಬಿದ್ದು ಔರಂಗಜೇಬನ ಅಧಿಕಾರ ಬಂದಾಗ ಅವನು ಸಂಕಲನ ಮಾಡಿಸಿದ್ದ 'ಫತಾವಾ-ಏ-ಆಲಂಗಿರಿ' ಎಂಬ ಹನಫೀ ಗ್ರಂಥಕ್ಕೆ ಪ್ರಾಮಾಣ್ಯ ಬಂದಿತು. ಆಮೇಲೆ ನಿಜಾಮರ ಕಾಲ.

ಭಕ್ತಿಗಾದರೋ ಈ ಬೇಲಿ ತಿಳಿಯಲೇ ಇಲ್ಲ. ಕೃಷ್ಣೆಯ ದಡದ ತಿಂಥಣಿ ಮೌನೇಶ್ವರನಿಗೆ ಎರಡೂ ಮತದವರು ನಡೆದುಕೊಳ್ಳುತ್ತಾರೆ. ಮುದಗಲ್ಲಿನ ಮೊಹರಮ್ಮಿಗೆ ಸುತ್ತಣ ಹಳ್ಳಿಗಳ ಎಲ್ಲ ಜಾತಿಯವರೂ ಸೇರುತ್ತಾರೆ. ದೇವರ ಪ್ರಸಾದ ಇಬ್ಬರಿಗೂ ಸಲ್ಲಿತು, ತಂದೆಯ ಹೊಲ ಸಲ್ಲಲಿಲ್ಲ.

ಗೋಡೆಯನ್ನು ಮೊದಲು ಮುಟ್ಟಿದುದು ಕಂಪನಿ ಸರಕಾರ. ಹೇಸ್ಟಿಂಗ್ಸನು 1772ರಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಎಂದು ನಿಯಮ ಮಾಡಿ ಗೋಡೆಗೆ ಗಾರೆಯನ್ನೇ ಹಚ್ಚಿದ್ದನು. ಬಂಗಾಳದಲ್ಲಿ 1832ರ ಒಂದು ನಿಬಂಧನೆಯೂ ಅದರ ವಿಸ್ತಾರವಾಗಿ 1850ರ 21ನೆಯ ಕಾಯದೆಯೂ ಬಂದವು. ಮತವನ್ನು ಬಿಟ್ಟುದರಿಂದಾಗಲಿ ಜಾತಿಯಿಂದ ಹೊರಹಾಕಲ್ಪಟ್ಟುದರಿಂದಾಗಲಿ ಯಾರ ಆಸ್ತಿಯ ಹಕ್ಕೂ ವಾರಸಿನ ಹಕ್ಕೂ ಹೋಗದೆಂಬುದು ಆ ಕಾಯದೆಯ ತಿರುಳು. ಪಾದ್ರಿಗಳ ಕೆಲಸಕ್ಕೆ ಅನುಕೂಲ ಮಾಡಲೆಂದೇ ಇದು ಬಂದಿದೆಯೆಂದು ಬಂಗಾಳ, ಮದರಾಸುಗಳ ಹಿಂದೂಗಳು ವಿರೋಧದ ಅರ್ಜಿಗಳನ್ನು ಕಳಿಸಿದರು. ಅವರ ಶಂಕೆ ನಿರಾಧಾರವಾದುದೇನೂ ಅಲ್ಲ. ಆದರೆ ತಂದೆಯ ಮನೆಯಿಂದ ಬರಿಗೈಯಲ್ಲಿ ಹೊರಬಿದ್ದವನ ಕಡೆಯಿಂದ ನೋಡಿದರೆ ಕಾಯದೆ ಬೇರೆಯಾಗಿಯೇ ಕಾಣುತ್ತದೆ.

ಕಾಯದೆಯ ಮಾತುಗಳು ಕಂಪನಿಯ ಆಡಳಿತಕ್ಕೊಳಪಟ್ಟ ಪ್ರದೇಶಗಳನ್ನು ಕುರಿತವು. ತುಂಗಭದ್ರೆಯ ಆಚೆಯ ದಡದ ಬಳ್ಳಾರಿ ಕಂಪನಿಯದು, ಈಚೆಯ ಸಿಂಧನೂರು ನಿಜಾಮನದು. ನಡುವೆ 1853ರಲ್ಲಿ ಸೈನ್ಯದ ಸಾಲಕ್ಕಾಗಿ ನಿಜಾಮನು ಬೀರಾರದೊಡನೆ ದೋಆಬನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. ಸಾರ್ವಭೌಮತ್ವ ಮಾತ್ರ ಅವನಲ್ಲಿಯೇ ಉಳಿಯಿತು. ಏಳು ವರ್ಷಗಳ ತರುವಾಯ, 1860ರಲ್ಲಿ, ದೋಆಬು ನಿಜಾಮನಿಗೆ ಮರಳಿತು.

ಅದೇ ವರ್ಷಗಳಲ್ಲಿ ಬಳ್ಳಾರಿಯ ನ್ಯಾಯಾಲಯದಲ್ಲಿ ಒಂದು ವ್ಯಾಜ್ಯ ನಡೆದಿತ್ತು. ಭಾರತದ ಕಾನೂನಿನ ಇತಿಹಾಸದಲ್ಲಿ ಅದು ಸುಪ್ರಸಿದ್ಧವಾದರೂ ಅದು ನಮ್ಮ ಬಳ್ಳಾರಿಯದೆಂಬುದು ಕನ್ನಡಿಗರಿಗೆ ಅಷ್ಟಾಗಿ ತಿಳಿಯದು. ಪರೈಯ ಮೂಲದ ಕ್ರೈಸ್ತ ಮನೆತನದ ಮ್ಯಾಥ್ಯೂ ಅಬ್ರಹಾಂ ಎಂಬವನು ಬಳ್ಳಾರಿಯ ದಂಡಿನ ಊರಿನಲ್ಲಿ ಸಾರಾಯಿಯ ವ್ಯಾಪಾರ ಮಾಡಿ ದೊಡ್ಡ ಆಸ್ತಿಯನ್ನು ಗಳಿಸಿ, ಉಯಿಲು ಬರೆಯದೆ 1842ರಲ್ಲಿ ತೀರಿಕೊಂಡನು. ಅವನ ಹೆಂಡತಿ ಷಾರ್ಲಟ್ ಮಿಶ್ರ ಯುರೋಪಿಯನ್ ಮೂಲದವಳು. ಮ್ಯಾಥ್ಯೂವಿನ ತಮ್ಮ ಫ್ರಾನ್ಸಿಸನು, ನಾವು ಅಣ್ಣತಮ್ಮಂದಿರು ಅವಿಭಕ್ತ ಕುಟುಂಬದವರು, ಹಿಂದೂ ನ್ಯಾಯದಂತೆ ಆಸ್ತಿಯಲ್ಲಿ ನನಗೂ ಹಕ್ಕುಂಟು ಎಂದನು. ತನ್ನ ಗಂಡ ಬಾಳಿದುದು ಹಿಂದೂ ಕುಟುಂಬದ ರೀತಿಯಲ್ಲಲ್ಲವೆಂದು ಷಾರ್ಲಟಳು ವಾದಿಸಿದಳು. ಬಳ್ಳಾರಿಯಿಂದ ಮದರಾಸಿಗೆ, ಮದರಾಸಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ವ್ಯಾಜ್ಯ ಹೋಯಿತು. 1863ರಲ್ಲಿ ಪ್ರಿವಿ ಕೌನ್ಸಿಲು ಹೇಳಿದುದರ ಸಾರ ಇದು: ಹಿಂದೂ ಮತವನ್ನು ಬಿಟ್ಟವನು ಹಳೆಯ ಮತದೊಡನೆ ಹಳೆಯ ನ್ಯಾಯವನ್ನೂ ಬಿಡಬಹುದು, ಅಥವಾ ಮತವನ್ನು ಬಿಟ್ಟು ನ್ಯಾಯವನ್ನು ಇರಿಸಿಕೊಳ್ಳಬಹುದು, ಅವನು ಹೇಗೆ ಬಾಳಿದನೆಂಬುದನ್ನು ನೋಡಿ ತೀರ್ಮಾನಿಸಬೇಕು. ಈ ಮನೆತನಕ್ಕೆ ಅವಿಭಕ್ತ ಕುಟುಂಬದ ನಿಯಮ ಅನ್ವಯಿಸದೆಂದಾಯಿತು. ಮತಾಂತರಿತನ ಆಸ್ತಿಯನ್ನು ಗ್ರಂಥದಿಂದಲ್ಲದೆ ಅವನ ಬಾಳ್ವೆಯಿಂದ ಅಳೆದ ಈ ತೀರ್ಪಿನಲ್ಲಿ ಊರಸಭೆಗಳ ಹಳೆಯ ವಾಡಿಕೆಯ ಧ್ವನಿಯೇ ನನಗೆ ಕೇಳಿಸುತ್ತದೆ.

ಇಸ್ಲಾಮಿಗೆ ಸೇರಿದವನಿಗೆ ಇಂಥ ಆಯ್ಕೆ ಸಾಮಾನ್ಯವಾಗಿ ದೊರೆಯಲಿಲ್ಲ. ಖೋಜಾಗಳೂ ಕಚ್ಛೀ ಮೆಮನರೂ ಹಿಂದಿನ ಹಿಂದೂ ರೂಢಿಯನ್ನೇ ಆಸ್ತಿಗೆ ಇಟ್ಟುಕೊಂಡಿದ್ದುದನ್ನು 1847ರಲ್ಲಿ ಮುಂಬಯಿಯ ನ್ಯಾಯಾಲಯ ಮನ್ನಿಸಿತು. ಕಾಸರಗೋಡಿನ ಕಡೆಯ ಮಾಪಿಳ್ಳೆ ಮನೆತನಗಳಲ್ಲಿ ಅಳಿಯಂದಿರಿಗೆ ಆಸ್ತಿ ಹೋಗುವ ಮರುಮಕ್ಕತ್ತಾಯವೂ ಇತ್ತು. ಇವು ಅಪವಾದಗಳು, ಮತ್ತು 1937ರ ಶರೀಯತ್ ಕಾಯದೆ ಬ್ರಿಟಿಷ್ ಭಾರತದಲ್ಲಿ ಇಂಥ ರೂಢಿಗಳ ಬಹುಭಾಗವನ್ನು ಅಳಿಸಿತು.

1850ರ ಕಾಯದೆಯೇನೋ ಗೋಡೆಗೆ ಕಂಡಿ ಕೊರೆಯಿತು, ಆದರೆ ಒಂದೇ ದಿಕ್ಕಿಗೆ. ಅದು ಕಾಪಾಡಿದುದು ಮತವನ್ನು ಬಿಟ್ಟುಹೋದವನನ್ನು, ಇದ್ದಲ್ಲಿಯೇ ಇದ್ದವರನ್ನಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಬ್ಬ ವೀರಶೈವ ತಾಯಿಯ ಮಗನು ಇಸ್ಲಾಮನ್ನು ಸ್ವೀಕರಿಸಿದನೆನ್ನೋಣ. ತಾಯಿ ಮೊದಲು ತೀರಿಕೊಂಡರೆ ಮಗನಿಗೆ ಅವಳ ಆಸ್ತಿಯಲ್ಲಿ ಪಾಲು ಬರುತ್ತದೆ, ಕಾಯದೆ ಅವನನ್ನು ರಕ್ಷಿಸುತ್ತಿತ್ತು. ಮಗನೇ ಮೊದಲು ತೀರಿಕೊಂಡರೆ ಅವನ ಆಸ್ತಿಗೆ ಇಸ್ಲಾಮೀ ನ್ಯಾಯ ಅನ್ವಯಿಸುತ್ತದೆ. ತಾಯಿ ಯಾವ ಮತವನ್ನೂ ಬಿಟ್ಟವಳಲ್ಲ, ಆದ್ದರಿಂದ ಕಾಯದೆಯ ರಕ್ಷಣೆ ಅವಳಿಗಿರಲಿಲ್ಲ, ಅನ್ಯಮತೀಯಳಾದುದರಿಂದ ಪಾಲೂ ಇಲ್ಲ. ಹೆತ್ತವಳಿಗೆ ಏನೂ ಇಲ್ಲ. 1930ರಲ್ಲಿ ಔಧ ಪ್ರಾಂತದ ಒಂದು ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು ಇದನ್ನು ಖಚಿತಪಡಿಸಿತು: ರಕ್ಷಣೆ ಮತಾಂತರಗೊಂಡ ವ್ಯಕ್ತಿಗೆ ಮಾತ್ರ, ಅವನ ಹಿಂದೂ ದಾಯಾದಿಗಳು ಅದರ ಬಲದಿಂದ ಆ ಮನೆತನದ ಆಸ್ತಿಯನ್ನು ಕೇಳಲಾರರು.

ದೋಆಬು 1948ರಲ್ಲಿ ಹೈದರಾಬಾದಿನೊಡನೆ ಭಾರತದ ಒಕ್ಕೂಟಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. ಅದೇ 1956ರ ಹಿಂದೂ ಉತ್ತರಾಧಿಕಾರ ಕಾಯದೆ ತನಗೆ ಒಳಪಡುವವರಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಬಾಯಿಬಿಟ್ಟು ಹೇಳುತ್ತದೆ. ವಿಜ್ಞಾನೇಶ್ವರನ ಪತಿತನು ಅದರ ಅನರ್ಹರ ಪಟ್ಟಿಯಲ್ಲಿಲ್ಲ. ರೋಗ, ಅಂಗವೈಕಲ್ಯಗಳೂ ಅಡ್ಡಿಯಲ್ಲವೆಂದು 28ನೆಯ ಕಲಮು ಹೇಳುತ್ತದೆ. ಆದರೆ 26ನೆಯ ಕಲಮಿನಲ್ಲಿ ಹಳೆಯ 'ಪತಿತನ ಮಗ' ಬೇರೆ ವೇಷದಲ್ಲಿ ಉಳಿದಿದ್ದಾನೆ. ಮತಾಂತರದ ನಂತರ ಹುಟ್ಟಿದ ಮಕ್ಕಳೂ ಅವರ ಸಂತತಿಯೂ, ಹಕ್ಕು ಒದಗುವ ಹೊತ್ತಿಗೆ ಹಿಂದೂಗಳಾಗಿದ್ದ ಹೊರತು, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗಲಾರರು. ತಂದೆಗೆ ಸಲ್ಲುವ ಅಜ್ಜನ ಹೊಲ, ತಂದೆ ಮೊದಲೇ ಸತ್ತಿದ್ದರೆ ಮೊಮ್ಮಗನಿಗೆ ಸಲ್ಲದು. ಮಳೆಯ ಆಸರೆಯ ಎರೆಹೊಲಗಳಿದ್ದ ಕಾಲದಲ್ಲಿ ಇದಕ್ಕಾಗಿ ಕಚೇರಿ ಹತ್ತುವವರು ವಿರಳವಾಗಿದ್ದಿರಬೇಕು. ಕಾಲುವೆಯ ನೀರು ಬಂದು ಸಿಂಧನೂರಿನ ಎಕರೆಗೆ ಬೆಲೆ ಬಂದ ಮೇಲೆ ಒಂದು ಕಲಮಿನ ಒಂದು ಶಬ್ದಕ್ಕೂ ತೂಕ ಬಂದಿತು.

ಸಮ್ಮಿಶ್ರ ವಿವಾಹಗಳಿಗೆ 1954ರ ವಿಶೇಷ ವಿವಾಹ ಕಾಯದೆ 1925ರ ಭಾರತೀಯ ಉತ್ತರಾಧಿಕಾರ ಕಾಯದೆಯ ದಾರಿಯನ್ನು ತೆರೆಯಿತು; ಆ ಕಾಯದೆಯಂತೆ ಮದುವೆಯಾದ ಭಿನ್ನಮತೀಯ ದಂಪತಿಗಳ ಆಸ್ತಿಗೆ ಮತಭೇದ ಅಡ್ಡಬರುವುದಿಲ್ಲ. ಹಾಗೆ ನೋಂದಾಯಿಸದವರ ಪಾಡು ಪರ್ತಾಲಳದೇ. 2019ರ ಜನವರಿಯಲ್ಲಿ ಕೇರಳದ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು, ಮುಸಲ್ಮಾನ ಪುರುಷನೂ ಹಿಂದೂ ಸ್ತ್ರೀಯೂ ಆದ ವಿವಾಹ ಕ್ರಮಬದ್ಧವಲ್ಲದಿದ್ದರೂ ಶೂನ್ಯವಲ್ಲ, ಹುಟ್ಟಿದ ಮಗು ಔರಸವಾದುದು, ತಂದೆಯ ಆಸ್ತಿಗೆ ಹಕ್ಕುಳ್ಳದ್ದು ಎಂದು ತೀರ್ಪಿತ್ತಿತು. ಅಂಥ ಹೆಂಡತಿಗೆ ಮೆಹರ್ ಉಂಟು, ವಾರಸಿಲ್ಲವೆಂಬ ಹಳೆಯ ನಿಯಮ ಹಾಗೆಯೇ ಉಳಿದಿದೆ.

ಹಾಗಾದರೆ ಆ ತಾಯಿಗೆ ದಾರಿಯೇ ಇಲ್ಲವೆ? ಇಸ್ಲಾಮೀ ಶಾಸ್ತ್ರದೊಳಗೇ ಎರಡು ದಾರಿಗಳಿವೆ, ಮತ್ತು ಅವು ಶಾಸ್ತ್ರದಷ್ಟೇ ಹಳೆಯವು. ಪೈಗಂಬರರ ಪತ್ನಿ ಸಫಿಯಾ ಯಹೂದಿ ಮನೆತನದಿಂದ ಬಂದವರು. ತಮ್ಮ ಯಹೂದಿ ಬಂಧುವಿಗೆ ವಸೀಯತ್ತಿನ ಮೂಲಕ ಆಸ್ತಿಯನ್ನು ಬಿಟ್ಟರೆಂದು ಪರಂಪರೆ ಹೇಳುತ್ತದೆ. ವಾರಸುದಾರನಿಗೆ ವಸೀಯತ್ತು ಇಲ್ಲವೆಂಬುದು ಸುನ್ನಿ ನಿಯಮ. ಅನ್ಯಮತೀಯಳಾದ ತಾಯಿ ವಾರಸುದಾರಳಲ್ಲ. ಆದ್ದರಿಂದಲೇ ಅವಳಿಗೆ ವಸೀಯತ್ತು ಬರೆಯಬಹುದು! ಬೇಲಿಯೇ ಇಲ್ಲಿ ಬಾಗಿಲಾಗುತ್ತದೆ. ಸಾಲ ಮತ್ತು ಶವಸಂಸ್ಕಾರದ ವೆಚ್ಚಗಳು ಕಳೆದು ಉಳಿದ ಆಸ್ತಿಯಲ್ಲಿ ಮೂರನೆಯ ಒಂದು ಭಾಗದವರೆಗೆ ಮಗನು ಅವಳಿಗೆ ಬಿಡಬಹುದು, ವಾರಸುದಾರರು ಒಪ್ಪಿದರೆ ಅದಕ್ಕೂ ಹೆಚ್ಚು. ಇತ್ತ ವೀರಶೈವ ತಾಯಿ ತನ್ನ ಸ್ವಂತ ಆಸ್ತಿ ಪೂರ್ತಿಯಾಗಿ ಬೇಕಾದವರಿಗೆ ಉಯಿಲು ಬರೆಯಬಲ್ಲಳು. 26ನೆಯ ಕಲಮಿನಲ್ಲಿ ಹೊರಗುಳಿದ ಮೊಮ್ಮಕ್ಕಳೂ ಅದರಲ್ಲಿ ಬರಬಹುದು.

ಎರಡನೆಯ ದಾರಿ ಹಿಬಾ, ಅಂದರೆ ಬದುಕಿರುವಾಗ ಕೊಡುವ ದಾನ. ಇದಕ್ಕೆ ಮೂರನೆಯ ಒಂದು ಭಾಗದ ಮಿತಿಯಿಲ್ಲ, ಪಡೆಯುವವರ ಮತದ ನಿರ್ಬಂಧವೂ ಇಲ್ಲ. ಕೊಡುವೆನೆಂಬ ಮಾತು, ಪಡೆದೆನೆಂಬ ಒಪ್ಪಿಗೆ, ವಸ್ತುವಿನ ಸ್ವಾಧೀನ, ಇವು ಮೂರು ಸೇರಿದರೆ ಹಿಬಾ ಪೂರ್ಣವಾಗುತ್ತದೆ. ಇವುಗಳಲ್ಲಿ ಸ್ವಾಧೀನವೇ ಮುಖ್ಯ. ಕಾಗದ ಬರೆದು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಆದರೆ ಕೊಟ್ಟವನೂ ಪಡೆದವಳೂ ಆ ಮನೆಯಲ್ಲಿಯೇ ಕೂಡಿ ಬಾಳುತ್ತಿದ್ದರೆ, ಸ್ವಾಧೀನ ಕೊಟ್ಟುದನ್ನು ತೋರಿಸುವುದಕ್ಕಾಗಿ ಮಗನು ಮನೆಯನ್ನು ಬಿಟ್ಟು ಹೊರಹೋಗಬೇಕಾಗಿಲ್ಲವೆಂದೂ, ಕೊಡುವ ಉದ್ದೇಶವು ಸ್ಪಷ್ಟವಾದ ನಡತೆಯಿಂದ ತಿಳಿದರೆ ಸಾಕೆಂದೂ ನ್ಯಾಯಾಲಯಗಳು ಒಪ್ಪಿಕೊಂಡಿವೆ.